ವಾಸಪ್ಪನ ಮನೆಯ ಗೃಹಪ್ರವೇಶ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹುಲ್ಲುಕೊಡಿಗೆಯ ಶಾಂತಕ್ಕ ಒಂದು ಸಿಹಿಗುಂಬಳಕಾಯಿ ಹೊತ್ತುಕೊಂಡು ಸೀತಾರಾಮ ಮೇಷ್ಟ್ರ ಬಾಗಿಲಿಗೆ ಬಂದಳು.

ಮೇಷ್ಟ್ರು ಶಾಲೆಯ ಪಕ್ಕದ ಒಂಟಿ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆಯುತ್ತಿದ್ದರು. ಶಾಂತಕ್ಕ ಕುಂಬಳಕಾಯಿಯನ್ನು ಜಗಲಿಯ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

“ಮಾಷ್ಟ್ರೇ, ಊಟ ಹನ್ನೆರಡೂವರೆಗಾ, ಒಂದು ಗಂಟೆಗಾ?”

“ಯಾವ ಊಟ ಶಾಂತಕ್ಕ?”

“ಇದೆಂತದು ಮಾರಾಯ್ರೆ, ನೀವೇ ಹಿಂಗಂದ್ರೆ! ವಾಸಪ್ಪಣ್ಣನ ಮನೆ ಗೃಹಪ್ರವೇಶದ್ದು. ನಮ್ಮ ಅರ್ಪಿತಾ ನಿನ್ನೆ ಹೇಳಿಕೆ ಓದಿ ಹೇಳಿದ್ಳಲ್ಲ. ಬರಿಗೈಯಲ್ಲಿ ಹೋಗೋಕಾಗ್ತದಾ ಅಂತ ಒಂದು ಕಾಯಿ ಕೊಯ್ದೆ.”

ಸ್ಟವ್ವು ಭುಸ್ಸೆಂದು ಆರಿಹೋಯಿತು. ಮೇಷ್ಟ್ರ ಮುಖ ನೀರಿಗೆ ಬಿದ್ದ ಸೀಮೆಸುಣ್ಣದ ಹಾಗಾಯಿತು.

ಹುಲ್ಲುಕೊಡಿಗೆ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲು ಒಳಗೆ ನಡೆದರೆ ಸಿಗುತ್ತಿದ್ದ ಊರು. ಇದು ೨೦೦೪ರ ಫೆಬ್ರವರಿಯ ಮಾತು. ಊರಿಗೆ ಮೊಬೈಲು ಬಂದಿರಲಿಲ್ಲ. ಶಂಕರಮ್ಮನ ಅಂಗಡಿಯ ಹಳದಿ ಡಬ್ಬಿಯ ಕಾಯಿನ್ ಫೋನೇ ಹೊರಲೋಕಕ್ಕಿದ್ದ ದಾರಿ. ಶಾಲೆ ಒಂದರಿಂದ ನಾಲ್ಕರವರೆಗೆ. ಮೇಷ್ಟ್ರು ಒಬ್ಬರೇ. ನಾಲ್ಕೂ ತರಗತಿಗಳು ಒಂದೇ ಕೋಣೆಯಲ್ಲಿ ನಾಲ್ಕು ಪಾಠಗಳನ್ನು ಒಟ್ಟಿಗೆ ಓದುತ್ತಿದ್ದವು. ದೂರದ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಆ ಗದ್ದಲ ಕೇಳುತ್ತಿತ್ತು. ಅದು ನಿಂತರೆ ಮಧ್ಯಾಹ್ನವಾಯಿತೆಂದು ಅವರು ಎತ್ತು ಬಿಚ್ಚುತ್ತಿದ್ದರು.

ಸೀತಾರಾಮ ಮೇಷ್ಟ್ರು ಅಲ್ಲಿಗೆ ಬಂದು ಏಳು ವರ್ಷವಾಗಿತ್ತು. ಅವರ ಹೆಂಡತಿ ದೇವಕಿ ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ ಟೀಚರು. ಮಗಳು ರಮ್ಯಶ್ರೀ ಅಮ್ಮನ ಜೊತೆ. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಮೇಷ್ಟ್ರು ಕೊಪ್ಪಕ್ಕೆ ಒಂದು ಬಸ್ಸು, ಶೃಂಗೇರಿಗೆ ಇನ್ನೊಂದು, ಬೇಗಾರಿಗೆ ಮತ್ತೊಂದು ಹಿಡಿದು ಮನೆ ಸೇರುವಷ್ಟರಲ್ಲಿ ಮಗಳು ನಿದ್ದೆ ಹೋಗಿರುತ್ತಿದ್ದಳು. ಸೋಮವಾರ ಅವಳು ಏಳುವ ಮೊದಲೇ ವಾಪಸು ಹೊರಡಬೇಕು. ವಾರಕ್ಕೊಂದು ಭಾನುವಾರದ ಅಪ್ಪ.

ಈಗ ಬೇಗಾರಿನ ಪಕ್ಕದ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ವರ್ಗದ ಅರ್ಜಿ ತಯಾರಾಗಿತ್ತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ‘ನಮ್ಮ ಅಭ್ಯಂತರವಿಲ್ಲ’ ಎಂದು ಒಂದು ಸಹಿ ಹಾಕಿಕೊಟ್ಟರೆ ಕೆಲಸ ಸಲೀಸು ಎಂದು ಆಫೀಸಿನವರು ಹೇಳಿದ್ದರು. ಅಧ್ಯಕ್ಷರು ವಾಸಪ್ಪ. “ಎನ್.ಆರ್. ಪುರಕ್ಕೆ ಹೋಗ್ತಾ ಇದೀನಿ ಮಾಷ್ಟ್ರೇ, ದೊಡ್ಡಪ್ಪನ ಮಗನ ಹೊಸಮನೆ ಒಕ್ಕಲಿನ ಪೂಜೆ. ಭಾನುವಾರ ಮಧ್ಯಾಹ್ನ ಬಂದು ಹಾಕ್ತೀನಿ” ಎಂದು ಅವರು ಶುಕ್ರವಾರವೇ ಮಾತು ಕೊಟ್ಟಿದ್ದರು. ಆ ಒಂದು ಸಹಿಗಾಗಿ ಮೇಷ್ಟ್ರು ಈ ಶನಿವಾರ ಬೇಗಾರಿಗೆ ಹೋಗದೆ ಉಳಿದಿದ್ದರು.

ಉಳಿದ ಮೇಲೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಪಾಠ ಮಾಡಿದರು.

ಅದಕ್ಕೂ ಹಿಂದಿನ ವಾರ ಎನ್.ಆರ್. ಪುರದಲ್ಲಿ ಶಿಕ್ಷಕರ ತರಬೇತಿಯಾಗಿತ್ತು. ತರಬೇತಿಗೆ ಬಂದಿದ್ದವರು ಒಂದೇ ಮಾತು ಹೇಳಿದ್ದರು: “ನಿಮ್ಮ ಮಕ್ಕಳು ಓದುತ್ತಾರೆ. ಓದಿದ್ದು ಏನು ಅಂತ ಕೇಳಿ ನೋಡಿ.” ಮೇಷ್ಟ್ರು ಮರುದಿನವೇ ಕೇಳಿ ನೋಡಿದರು. ನಾಲ್ಕನೇ ತರಗತಿಯ ರಾಕೇಶ ರೈತನ ಪಾಠವನ್ನು ತೋಟದ ಕಾಲುವೆಯಲ್ಲಿ ನೀರು ಹರಿದಂತೆ ಓದಿದ.

“ರೈತನ ಹತ್ತಿರ ಏನಿತ್ತು?”

“ಪಾಠ ಇತ್ತು ಸಾರ್.”

ವಾಸಪ್ಪನ ಮಗ ದೀಪು ಇನ್ನೂ ಒಂದು ಕೈ ಮೇಲೆ. ಕಣ್ಣನ್ನು ಹೆಂಚಿನ ಸಂದಿಗೆ ನೆಟ್ಟು, ಸರಿಯಾದ ಹೊತ್ತಿಗೆ ಹಾಳೆ ಮಗುಚುತ್ತಾ, ಒಂದಕ್ಷರ ತಪ್ಪದೆ ಪಾಠ ಒಪ್ಪಿಸಿದ. ಪುಸ್ತಕ ಬೇರೆಯದಾಗಿತ್ತು.

ತರಬೇತಿಯವರು ಉಪಾಯವನ್ನೂ ಹೇಳಿಕೊಟ್ಟಿದ್ದರು. ಬಾಯಿಪಾಠವಾದ ಪುಸ್ತಕ ಬಿಡಿ. ಬಸ್ಸಿನ ಫಲಕ, ಔಷಧಿ ಶೀಷೆಯ ಮೇಲಿನ ಬರಹ, ಆಮಂತ್ರಣ ಪತ್ರಿಕೆ, ಇಂಥವನ್ನು ಓದಿಸಿ. ಯಾರು, ಎಲ್ಲಿ, ಯಾವಾಗ, ಏಕೆ, ಮುಂದೇನಾಗಬಹುದು ಎಂದು ಐದು ಪ್ರಶ್ನೆ ಕೇಳಿ. ಮಕ್ಕಳು ಮನೆಯವರಿಗೂ ಓದಿ ಹೇಳಿ, ಅವರನ್ನೂ ಅವೇ ಪ್ರಶ್ನೆ ಕೇಳಲಿ. ಆಗ ಓದಿದ್ದು ತಲೆಗೆ ಇಳಿಯುತ್ತದೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಮೂರು ಮತ್ತು ನಾಲ್ಕನೇ ತರಗತಿಯನ್ನು ಹತ್ತಿರ ಕೂರಿಸಿಕೊಂಡು, “ಒಂದು ಆಮಂತ್ರಣ ಪತ್ರಿಕೆ ಬರೆಯೋಣ. ಯಾರ ಮನೆಯದು ಬರೆಯೋಣ?” ಎಂದು ಕೇಳಿದರು.

ಇಡೀ ತರಗತಿ ಒಂದೇ ಬಾಯಿ: “ವಾಸಪ್ಪಣ್ಣನ ಮನೆ ಗೃಹಪ್ರವೇಶ ಸಾರ್!”

ಎಲ್ಲರಿಗಿಂತ ಜೋರಾಗಿ ಕೂಗಿದವನು ದೀಪು.

ಆ ಕೂಗಿಗೆ ಎರಡು ವರ್ಷದ ಹಸಿವಿತ್ತು. ವಾಸಪ್ಪ ಗದ್ದೆ, ತೋಟ, ಕಾಫಿ ಮೂರೂ ಇದ್ದ ಕುಳ. ಊರಿನ ಯಾವ ಮದುವೆಯ ಪಂಕ್ತಿಯಲ್ಲೂ ಅವರ ಎಲೆ ಮೊದಲಿನದು. ಆದರೆ ತಾವು ಹೊಸ ತಾರಸಿ ಮನೆ ಕಟ್ಟಿಸಿದಾಗ ಒಂದು ಮಂಗಳವಾರ ನಸುಕಿನಲ್ಲಿ ಭಟ್ಟರನ್ನು ಕರೆಸಿ, ಹಾಲುಕ್ಕಿಸಿ, ಬೆಳಗಾಗುವುದರೊಳಗೆ ಒಳಗೆ ಸೇರಿಕೊಂಡಿದ್ದರು. ಊರಿಗೆ ತಿಳಿದಿದ್ದು ಮಂಗಳವಾರ ಸಂಜೆ. ಅಂದಿನಿಂದ ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಊರಿನವರಿಗೆ ಉಣ್ಣದ ಹೋಳಿಗೆಯ ನೆನಪಾಗುತ್ತಿತ್ತು.

ಮೇಷ್ಟ್ರಿಗೂ ನಗು ಬಂತು. ಪಾಠ ತಾನೇ ಎಂದು ಬೋರ್ಡಿನ ಮೇಲೆ ದುಂಡಗೆ ಬರೆದರು. ‘ತಾ. ಬರುವ ಭಾನುವಾರ ನಮ್ಮ ನೂತನ ಗೃಹದ ಪ್ರವೇಶೋತ್ಸವ…’

ಮೂರನೇ ತರಗತಿಯ ನಿಶ್ಚಿತಾ ಕೈಯೆತ್ತಿದಳು. “ಸಾರ್, ಊಟಕ್ಕೆ ಎಂತೆಂತ ಅಂತ ಬರೀಲಿಲ್ಲ.”

ಹೋಳಿಗೆ, ಕಾಯಿಹಾಲು, ಕುಂಬಳಕಾಯಿ ಪಲ್ಯ, ಪಾಯಸ ಎಂದು ಬರೆದರು.

“ಹೋಳಿಗೆ ಒಂದಾ ಎರಡಾ ಸಾರ್?”

‘ಬೇಕಾದಷ್ಟು’ ಎಂದು ಬರೆದರು. ಕೆಳಗೆ ‘ಇಂತಿ ತಮ್ಮ ವಿಧೇಯ, ವಾಸಪ್ಪ’. ಮಕ್ಕಳು ನಾಲಿಗೆ ಹೊರಚಾಚಿ ನಕಲು ಮಾಡಿಕೊಂಡರು. ಆ ತರಗತಿಯಲ್ಲಿ ಅಷ್ಟು ಮುತುವರ್ಜಿಯಿಂದ ಯಾವ ಪಾಠವನ್ನೂ ಯಾರೂ ಬರೆದುಕೊಂಡಿರಲಿಲ್ಲ. ಮನೆಯವರಿಗೆ ಓದಿ ಹೇಳಿ ಐದು ಪ್ರಶ್ನೆ ಕೇಳಿ ಎಂದು ಮೇಷ್ಟ್ರು ಅವರನ್ನು ಕಳಿಸಿದರು.

ಮೇಷ್ಟ್ರು ಒಂದು ಸಂಗತಿ ಮರೆತರು. ಆ ಸೀಮೆಯಲ್ಲಿ ಅಚ್ಚು ಹಾಕಿಸಿದ ಕಾಗದಕ್ಕೆ ಬೆಲೆಯಿಲ್ಲ. ಮನೆಬಾಗಿಲಿಗೆ ಬಂದು ಬಾಯಿಬಿಟ್ಟು ಹೇಳುವುದೇ ಕರೆ. ಅದಕ್ಕೆ ಹೇಳಿಕೆ ಎಂದು ಹೆಸರು. ಹೇಳಿಕೆಯಿಲ್ಲದಿದ್ದರೆ ಒಡಹುಟ್ಟಿದವನ ಮನೆಗೂ ಯಾರೂ ಹೋಗುವುದಿಲ್ಲ. ಹೇಳಿಕೆ ಬಂದ ಮೇಲೆ ಹೋಗದಿರುವುದು ಅವಮಾನ. ಮತ್ತು ಶುಭಕಾರ್ಯದ ಹೇಳಿಕೆಯನ್ನು ವಾಪಸು ಪಡೆಯುವ ಪದ್ಧತಿಯೇ ಇಲ್ಲ, ಮನೆಯಲ್ಲಿ ಸಾವಾದರೆ ಹೊರತು. ಹತ್ತೊಂಬತ್ತು ಮಕ್ಕಳ ಶಾಲೆ ಶನಿವಾರ ಸಂಜೆ ಮನೆಮನೆಗೆ ಹೋಗಿ, ಸ್ಪಷ್ಟ ಉಚ್ಚಾರಣೆಯಲ್ಲಿ ವಾಸಪ್ಪನ ಹೇಳಿಕೆ ಕೊಟ್ಟುಬಂದಿತ್ತು.

“ಶಾಂತಕ್ಕ, ಅದು ಪಾಠ!” ಮೇಷ್ಟ್ರು ಪಂಪು ಕೈಯಲ್ಲಿ ಹಿಡಿದೇ ಹೊರಗೆ ಬಂದರು. “ಮಕ್ಕಳಿಗೆ ಓದಿ ಅರ್ಥ ಮಾಡಿಕೊಳ್ಳೋಕೆ ಕೊಟ್ಟಿದ್ದು. ಊಟ ಗೀಟ ಎಂತದೂ ಇಲ್ಲ.”

ಶಾಂತಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. “ಪಾಠವೋ ಗೀಠವೋ, ನಂಗೆ ಗೊತ್ತಿಲ್ಲಪ್ಪ. ಮನೆಗೆ ಬಂದ ಹೇಳಿಕೆ ಹೇಳಿಕೆಯೇ. ಇವತ್ತು ನಮ್ಮನೆ ಒಲೆ ಹಚ್ಚಿಲ್ಲ” ಎಂದು ಕುಂಬಳಕಾಯಿ ಎತ್ತಿಕೊಂಡು ಹೊರಟೇಹೋದಳು.

ಮೇಷ್ಟ್ರು ಅಂಗಿ ಸಿಕ್ಕಿಸಿಕೊಂಡು ಓಡಿದರು. ಮಧ್ಯಾಹ್ನದ ಬಸ್ಸಿಗೆ ವಾಸಪ್ಪ ಇಳಿಯುತ್ತಾರೆ. ಇಳಿದವರು ತಮ್ಮ ಅಂಗಳದಲ್ಲಿ ಊರನ್ನೇ ಕಂಡರೆ ಸಹಿಯೂ ಇಲ್ಲ, ಬೇಗಾರೂ ಇಲ್ಲ. ಅದರೊಳಗೆ ಒಂದೊಂದು ಮನೆಗೂ ಹೋಗಿ ತಪ್ಪನ್ನು ತಿದ್ದಬೇಕು. ದಾರಿಯುದ್ದಕ್ಕೂ ಅವರಿಗೆ ಒಂದೇ ಕೊರಗು: ಮಕ್ಕಳಿಗೆ ಓದಿದ್ದು ಅರ್ಥವಾಗುವುದಿಲ್ಲವೆಂದು ಇಷ್ಟು ದಿನ ಒದ್ದಾಡಿದೆ, ಈ ಊರಿಗೇ ಅರ್ಥವಾಗುವುದಿಲ್ಲವಲ್ಲ!

ಮೊದಲು ಸಿಕ್ಕಿದ್ದು ಶಂಕರಮ್ಮನ ಅಂಗಡಿ. ಶಂಕರಮ್ಮ ರೇಷ್ಮೆ ಸೀರೆಯುಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದಳು. ಅಂಗಡಿಯೊಳಗೆ ನುಸಿಗುಳಿಗೆಯ ವಾಸನೆ ತುಂಬಿತ್ತು.

“ಶಂಕರಮ್ಮ, ಅಂಗಡಿಗೆ ಬಂದವರಿಗೆಲ್ಲ ಹೇಳಿಬಿಡಿ. ವಾಸಪ್ಪನವರ ಮನೆ ಹೇಳಿಕೆ ವಾಪಸ್.”

“ವಾಪಸ್ಸಾ? ಯಾರು ಹೋದ್ರು?”

“ಯಾರೂ ಹೋಗಿಲ್ಲ.”

“ಯಾರೂ ಹೋಗದೆ ವಾಪಸ್ ಎಂತಕ್ಕೆ ತಗಳ್ತಾರೆ ಮಾಷ್ಟ್ರೇ? ನಮ್ಮಲ್ಲಿ ಹಂಗೆ ಕ್ರಮ ಇಲ್ಲ. ವಾಸಪ್ಪಣ್ಣನ ಅವ್ವ ಶೇಷಮ್ಮ ಮೊನ್ನೆಯಿಂದ ಕೆಮ್ತಾ ಇದ್ರು…”

“ಶೇಷಮ್ಮ ಚೆನ್ನಾಗಿದ್ದಾರೆ!”

“ಚೆನ್ನಾಗಿದ್ರೆ ಊಟ ಉಂಟು” ಎಂದು ಶಂಕರಮ್ಮ ತೀರ್ಪು ಕೊಟ್ಟು ವೀಳ್ಯದೆಲೆ ಎಣಿಸತೊಡಗಿದಳು.

ಅಷ್ಟರಲ್ಲಿ ಹಳದಿ ಡಬ್ಬಿಯ ಫೋನು ಕೂಗಿತು. ಮೇಷ್ಟ್ರು ಬೇಗಾರಿಗೆ ಹೋಗದ ಭಾನುವಾರ ಬೆಳಿಗ್ಗೆ ಆ ಫೋನಿಗೆ ಬರುವ ಕರೆ ಯಾರದ್ದೆಂದು ಎಲ್ಲರಿಗೂ ಗೊತ್ತು. ಶಂಕರಮ್ಮ ರಿಸೀವರನ್ನು ಎತ್ತಿ ನೇರವಾಗಿ ಮೇಷ್ಟ್ರ ಕೈಗೆ ಕೊಟ್ಟಳು.

“ಸಹಿ ಆತಾ?” ದೇವಕಿಯ ದನಿ.

“ಮಧ್ಯಾಹ್ನ ಆಗ್ತು. ಸಣ್ಣದೊಂದು ತೊಡಕು.”

“ಎಂತ ತೊಡಕು?”

“ಊರಿಗೆಲ್ಲ ಊಟಕ್ಕೆ ಹೇಳಿಕೆ ಹೋಗೋಯ್ದು.”

“ಎಂತಕ್ಕೆ? ನಿಮಗೆ ವರ್ಗ ಆಗಿದ್ದಕ್ಕಾ? ಸಹಿ ಆಗೋದಕ್ಕೆ ಮುಂಚೆ ಊಟ ಹಾಕೋದು ಎಂತ? ಕೂಸು ಕೇಳ್ತಾ ಇದ್ದು, ಅಪ್ಪ ಯಾವಾಗ ಬತ್ತ ಅಂತ. ಎಂತ ಹೇಳಲಿ?”

“ಬತ್ತೆ ಹೇಳು. ಖಂಡಿತ ಬತ್ತೆ” ಎನ್ನುವಷ್ಟರಲ್ಲಿ ಲೈನು ಹೋಯಿತು. ಶಂಕರಮ್ಮ ಎಲೆ ಎಣಿಸುವುದನ್ನು ನಿಲ್ಲಿಸಿ, ಕೇಳಿಸಿಯೇ ಇಲ್ಲವೆಂಬಂತೆ ಚಾವಣಿ ನೋಡುತ್ತಿದ್ದಳು.

ಮುಂದಿನ ಒಂದು ಗಂಟೆಯಲ್ಲಿ ಮೇಷ್ಟ್ರು ಊರನ್ನು ಹಲಗೆ ಒರೆಸುವ ಬಟ್ಟೆಯಂತೆ ಆ ತುದಿಯಿಂದ ಈ ತುದಿಗೆ ಸುತ್ತಿದರು. ಒಬ್ಬರೂ ಒಪ್ಪಲಿಲ್ಲ. ಮೇಷ್ಟ್ರು ಅತ್ತ ತಿರುಗಿದೊಡನೆ ಬೆನ್ನ ಹಿಂದೆ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಒಂದು ಮನೆಯಲ್ಲಿ ಗಂಡಸು ಗಡ್ಡಕ್ಕೆ ಸೋಪು ಹಚ್ಚಿಕೊಂಡು, “ನಿಮ್ಮ ಹುಡುಗ ಐದು ಪ್ರಶ್ನೆ ಕೇಳಿದ ಮಾಷ್ಟ್ರೇ, ಐದಕ್ಕೂ ಸರಿಯಾಗಿ ಉತ್ತರ ಹೇಳಿದ್ದೀವಿ. ಮುಂದೇನಾಗಬಹುದು ಅಂದ, ಉಂಡು ಬರಬಹುದು ಅಂದ್ವಿ. ತಪ್ಪಾ?” ಎಂದ. ಇನ್ನೊಂದು ಮನೆಯಲ್ಲಿ ನಿಶ್ಚಿತಾ ಎರಡು ಜಡೆಗೂ ಕೆಂಪು ರಿಬ್ಬನ್ನು ಕಟ್ಟಿಸಿಕೊಳ್ಳುತ್ತಾ ಕುಳಿತಿದ್ದಳು.

“ನಿಶ್ಚಿತಾ, ಇದು ಪಾಠ ಅಂತ ಮನೆಯಲ್ಲಿ ಹೇಳಲಿಲ್ವೇನೇ?”

“ಹೇಳಿದೆ ಸಾರ್.”

“ಮತ್ತೆ?”

“ಅಮ್ಮ, ‘ಪಾಠ ಚೆನ್ನಾಗಿದೆ’ ಅಂದ್ಳು ಸಾರ್.”

ಕೊನೆಗೆ ಉಳಿದದ್ದು ಹಳ್ಳದಾಚೆಯ ಗಿಡ್ಡಯ್ಯನ ಮನೆ. ಮೇಷ್ಟ್ರಿಗೆ ಗೊತ್ತಿಲ್ಲದ್ದೇನೆಂದರೆ ಆ ಮನೆಗೆ ಹೇಳಿಕೆ ಹೋಗಿಯೇ ಇರಲಿಲ್ಲ. ಗಿಡ್ಡಯ್ಯನ ನಾಯಿಗೆ ಹೆದರಿ ಮಕ್ಕಳು ಹಳ್ಳ ದಾಟಿರಲಿಲ್ಲ. ಇನ್ನೊಂದು ಸಂಗತಿ, ಅದು ಎಲ್ಲರಿಗೂ ಗೊತ್ತಿದ್ದದ್ದು: ಊರಿನಲ್ಲಿ ಯಾರು ತೀರಿಕೊಂಡರೂ ಚಟ್ಟ ಕಟ್ಟುವವನು ಗಿಡ್ಡಯ್ಯ.

ಮೇಷ್ಟ್ರು ಏದುಸಿರು ಬಿಡುತ್ತಾ ಬೇಲಿಯಾಚೆಯಿಂದಲೇ ಕೂಗಿದರು. “ಗಿಡ್ಡಯ್ಯ! ವಾಸಪ್ಪನವರ ಮನೆ ಶುಭಕಾರ್ಯ ಇಲ್ಲ. ಹೇಳಿಕೆ ವಾಪಸ್!”

ಗಿಡ್ಡಯ್ಯ ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡ. ನಾಯಿಯನ್ನು ಸುಮ್ಮನಾಗಿಸಿದ. “ಯಾವಾಗ ಆಯ್ತು ಮಾಷ್ಟ್ರೇ?”

“ನಿನ್ನೆ ಬೆಳಿಗ್ಗೆ. ಎಲ್ಲ ನಾನೇ ಮಾಡಿಕೊಂಡಿದ್ದು.”

“ಛೆ ಛೆ, ನೀವು ಹಂಗೆಲ್ಲ ಅಂದ್ಕಬಾರ್ದು. ಯಾರ ಕೈಯಲ್ಲಿ ಎಂತ ಉಂಟು? ವಾಸಪ್ಪಣ್ಣ ಊರಲ್ಲಿ ಉಂಟಾ?”

“ಎನ್.ಆರ್. ಪುರಕ್ಕೆ ಹೋಗಿದಾರೆ. ಮಧ್ಯಾಹ್ನ ಬರ್ತಾರೆ. ಅವರು ಬರೋದ್ರೊಳಗೆ ಎಲ್ಲ ಮುಗೀಬೇಕು.”

“ಮುಗಿಸ್ತೀನಿ ಬಿಡಿ. ನೀವು ಹೊರಡಿ” ಎಂದ ಗಿಡ್ಡಯ್ಯ, ಮತ್ತು ಕತ್ತಿ ಹುಡುಕತೊಡಗಿದ.

ಆ ದಿನ ಇಡೀ ಊರಿನಲ್ಲಿ ತಮ್ಮ ಮಾತನ್ನು ಒಂದೇ ಸಲಕ್ಕೆ ಕೇಳಿದ ಏಕೈಕ ಮನುಷ್ಯನೆಂದು ಮೇಷ್ಟ್ರಿಗೆ ಗಿಡ್ಡಯ್ಯನ ಮೇಲೆ ಗೌರವ ಉಕ್ಕಿತು.

ಇನ್ನು ಉಳಿದದ್ದು ಒಂದೇ ದಾರಿ. ವಾಸಪ್ಪನ ಹೆಂಡತಿ ಅನ್ನಪೂರ್ಣಮ್ಮನ ಕಾಲು ಹಿಡಿದು ಎಲ್ಲ ಹೇಳಿಬಿಡುವುದು. ಮೇಷ್ಟ್ರು ವಾಸಪ್ಪನ ಅಂಗಳ ತಲುಪಿದಾಗ ಹಿತ್ತಿಲಿನಿಂದ ಹೊಗೆ ಏಳುತ್ತಿತ್ತು. ಬೆಲ್ಲದ ಪಾಕದ ವಾಸನೆ ಗೇಟಿನವರೆಗೂ ಬಂದು ಸ್ವಾಗತಿಸಿತು. ಜಗಲಿಯಲ್ಲಿ ವಾಸಪ್ಪನ ತಾಯಿ ಶೇಷಮ್ಮ ಬೆತ್ತದ ಕುರ್ಚಿಯ ಮೇಲೆ, ಮಡಿಚಿಟ್ಟ ಶಾಲನ್ನು ಹೊದ್ದು, ಮಹಾರಾಣಿಯಂತೆ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ವಾಸಪ್ಪ ಊರಿಗೆ ಅಧ್ಯಕ್ಷರಾದರೂ ಆ ಕುರ್ಚಿಯ ಮುಂದೆ ಬರಿಯ ವಾಸು.

“ಯಾರದು? ಮಾಷ್ಟ್ರಾ? ಇಷ್ಟು ಬೇಗ ಬಂದ್ರಾ? ಹಸಿವಾಯ್ತಾ?”

ಮೇಷ್ಟ್ರು ಉತ್ತರ ಹುಡುಕುವ ಮೊದಲೇ ಗೇಟು ಕಿರುಗುಟ್ಟಿತು. ಹೆಗಲ ಮೇಲೆ ಎರಡು ಹಸಿ ಬಿದಿರು, ಕೈಯಲ್ಲಿ ಹೊಸ ಮಣ್ಣಿನ ಮಡಕೆ ಹಿಡಿದು, ತಲೆ ತಗ್ಗಿಸಿಕೊಂಡು ಗಿಡ್ಡಯ್ಯ ಬರುತ್ತಿದ್ದ. ಅಂಗಳದ ನಡುವೆ ನಿಂತು ಅಳುವುದಕ್ಕೆ ತಲೆಯೆತ್ತಿದವನ ಬಾಯಿ, ಕುರ್ಚಿಯ ಮೇಲೆ ಶೇಷಮ್ಮನನ್ನು ಕಂಡು, ತೆರೆದಂತೆಯೇ ನಿಂತುಹೋಯಿತು.

“ಅದ್ಯಾರು? ಬಿದಿರಿನ ಸದ್ದು ಕೇಳ್ತಾ ಉಂಟಲ್ಲ” ಎಂದರು ಶೇಷಮ್ಮ.

“ನಾನು… ಗಿಡ್ಡಯ್ಯ.”

“ಎಂತಕ್ಕಾ ಬಿದಿರು?”

ಗಿಡ್ಡಯ್ಯ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಆಕಾಶ ನೋಡಿದರು.

“ಚಪ್ಪರಕ್ಕೆ ಕಣಮ್ಮ” ಎಂದ ಗಿಡ್ಡಯ್ಯ. ಬೆವರು ಒರೆಸಿಕೊಂಡು, ನಿಜವಾಗಿಯೂ ಅಂಗಳದಲ್ಲಿ ಗುಂಡಿ ತೋಡಲಾರಂಭಿಸಿದ.

ಮೇಷ್ಟ್ರು ಹಿತ್ತಿಲಿಗೆ ಧಾವಿಸಿದರು. ಮೂರು ಕಲ್ಲಿನ ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಪಾಯಸ ಕುದಿಯುತ್ತಿತ್ತು. ಅನ್ನಪೂರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೌಟು ತಿರುವುತ್ತಿದ್ದರು. ಪಕ್ಕದಲ್ಲಿ ಶಾಂತಕ್ಕನ ಕುಂಬಳಕಾಯಿ ಹೋಳಾಗಿ ಬಿದ್ದಿತ್ತು.

ಅಯ್ಯೋ, ಈ ತಾಯಿಯೂ ನಂಬಿಬಿಟ್ಟಳಲ್ಲ! ಮೇಷ್ಟ್ರು ಒಲೆಯ ಹತ್ತಿರ ಹೋಗಿ ಕೈ ಮುಗಿದರು. “ಅಮ್ಮಾ, ದಯವಿಟ್ಟು ನಿಲ್ಲಿಸಿ. ಅದು ನಿಜವಾದ ಹೇಳಿಕೆ ಅಲ್ಲ. ಅದು ಪಾಠ!”

“ಗೊತ್ತು ಮಾಷ್ಟ್ರೇ” ಎಂದರು ಅನ್ನಪೂರ್ಣಮ್ಮ. “ಬೆಲ್ಲ ಸಾಕಾ ನೋಡಿ.”

ಸೌಟಿನ ಪಾಯಸ ಅಂಗೈಗೆ ಬಿತ್ತು. ಮೇಷ್ಟ್ರು ಅದನ್ನು ನೆಕ್ಕುವುದನ್ನೂ ಮರೆತು ನಿಂತರು.

“ಗೊತ್ತಾ?”

“ನಿನ್ನೆ ಮಧ್ಯಾಹ್ನ ದೀಪು ಬಂದವನೇ ಓದಿ ಹೇಳಿದ. ಐದು ಪ್ರಶ್ನೆ ಕೇಳಿದ. ಸಾರ್ ಬರೆಸಿದ್ದು, ಸುಳ್ಳುಸುಳ್ಳೇ ಅಂತಾನೂ ಅಂದ. ಎಲ್ಲ ಮಕ್ಕಳೂ ಮನೇಲಿ ಹಂಗೇ ಹೇಳಿದಾವೆ.”

“ಹಾಗಾದರೆ ಶಾಂತಕ್ಕ?”

“ಅವಳಿಗೆ ಗೊತ್ತಿಲ್ದೆ ಎಂತ! ಎಷ್ಟು ಅಕ್ಕಿ ನೆನೆಹಾಕೋದು ಅಂತ ನಿನ್ನೆ ಸಂಜೆ ಲೆಕ್ಕ ಹಾಕಿದ್ದೇ ನಾನೂ ಅವಳೂ ಸೇರಿ.”

“ಶಂಕರಮ್ಮ?”

“ಬೆಲ್ಲ ಅವಳ ಅಂಗಡೀದು.”

“ಮತ್ತೆ… ಗೊತ್ತಿಲ್ಲದೆ ಇದ್ದವರು ಯಾರು?”

“ನಮ್ಮ ಯಜಮಾನ್ರು” ಎಂದು ಅನ್ನಪೂರ್ಣಮ್ಮ ಸೌಟು ಒದರಿದರು. “ಮತ್ತೆ ನೀವು. ಎರಡು ವರ್ಷ ಆಯ್ತು ಮಾಷ್ಟ್ರೇ, ನಾನು ನೀರಿಗೆ ಹೋದ್ರೆ ಜನ ಮಾತು ನಿಲ್ಲಿಸ್ತಿದ್ರು. ಅತ್ತೆ ದಿನಾ ಅಂತಿದ್ರು, ಊರು ಉಣ್ಣದ ಮನೆ ಮನೆಯಲ್ಲ, ಗೋಡೌನು ಅಂತ. ಯಜಮಾನ್ರ ಬಾಯಿಂದ ಹೇಳಿಕೆ ಹೊರಡೋ ಹಂಗಿರ್ಲಿಲ್ಲ. ಮಕ್ಕಳ ಬಾಯಿ ಸಿಕ್ತು, ಹಿಡ್ಕಂಡ್ವಿ. ನಿಮಗೆ ಮೊದಲೇ ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ.”

ಬೆಳಗಿನಿಂದ ತಾವು ತಟ್ಟಿದ ಬಾಗಿಲುಗಳೆಲ್ಲ ಮೇಷ್ಟ್ರ ಕಣ್ಣ ಮುಂದೆ ಸಾಲಾಗಿ ನಿಂತವು. ಆ ಗಂಭೀರ ಮುಖಗಳು. ತಾವು ಅತ್ತ ತಿರುಗಿದ ಮೇಲೆ ಕೇಳಿದ್ದ ಆ ಕೆಮ್ಮುಗಳು. ಅವು ಕೆಮ್ಮುಗಳಾಗಿರಲಿಲ್ಲ.

ಹನ್ನೆರಡೂವರೆಗೆ ಊರು ಬಂತು. ಗಿಡ್ಡಯ್ಯನ ಬಿದಿರಿಗೆ ಯಾರೋ ಮಾವಿನ ಸೊಪ್ಪು ಕಟ್ಟಿದರು. ಶಾಲೆಯ ಜಮಖಾನೆ ಬಂತು. ಆ ಅಂಗಳದಲ್ಲಿ ಆವತ್ತು ಕೂಡಿದಷ್ಟು ಜನ, ಕೇಳಿಬಂದಷ್ಟು ನಗು, ಹುಲ್ಲುಕೊಡಿಗೆಯಲ್ಲಿ ಆಮೇಲೆ ಮತ್ತೊಮ್ಮೆ ಕೂಡಿದ್ದನ್ನು ಕಂಡವರಿಲ್ಲ. ಮಕ್ಕಳು ಚಪ್ಪರದ ಕೆಳಗೆ ಓಡಾಡಿದರು. ಹೆಂಗಸರು ಎರಡು ವರ್ಷದಿಂದ ಹೊರಗಿನಿಂದಷ್ಟೇ ನೋಡಿದ್ದ ಮನೆಯ ಒಂದೊಂದು ಕೋಣೆಗೂ ಹೋಗಿ ಗೋಡೆ ಮುಟ್ಟಿ ಬಂದರು.

ವಾಸಪ್ಪ ಬಸ್ಸಿಳಿದು ಬಂದಾಗ ಕೈಯಲ್ಲಿ ದೊಡ್ಡಪ್ಪನ ಮಗನ ಮನೆಯ ತಾಂಬೂಲದ ಚೀಲ ಇತ್ತು. ಗೇಟಿನಲ್ಲಿ ಚಪ್ಪರ ಕಂಡು, ತಪ್ಪಿ ಬೇರೆ ಮನೆಗೆ ಬಂದೆನೇ ಎಂದು ಹಿಂದೆ ಮುಂದೆ ನೋಡಿದರು.

“ಬನ್ನಿ ವಾಸಪ್ಪಣ್ಣ, ನಿಮಗೇ ಕಾಯ್ತಾ ಇದ್ವಿ” ಎಂದಿತು ಅಂಗಳ.

“ಎಂತದಿದು? ಯಾರು ಕರೆದದ್ದು?”

ನಿಶ್ಚಿತಾ ಮುಂದೆ ಬಂದು ನಿಂತಳು. ಕೆಂಪು ರಿಬ್ಬನ್ನು ಹಿಂದಕ್ಕೆ ಸರಿಸಿ, ಪಟ್ಟಿ ಪುಸ್ತಕವನ್ನು ಬಿಡಿಸಿ, ಒಂದಕ್ಷರ ತಪ್ಪದೆ, ಅಲ್ಪವಿರಾಮ ಬಂದಲ್ಲೆಲ್ಲ ನಿಂತು ಓದಿದಳು. ‘ತಾವು ಸಕುಟುಂಬ ಪರಿವಾರ ಸಮೇತರಾಗಿ’ ಎಂಬಲ್ಲಿ ಕೈ ಬೀಸಿ ಇಡೀ ಊರನ್ನು ತೋರಿಸಿದಳು. ‘ಇಂತಿ ತಮ್ಮ ವಿಧೇಯ, ವಾಸಪ್ಪ’ ಎಂದು ಮುಗಿಸಿ, ಅವರಿಗೇ ನಮಸ್ಕಾರ ಮಾಡಿದಳು.

ವಾಸಪ್ಪ ಹೆಂಡತಿಯ ಕಡೆ ನೋಡಿದರು. ಅವಳ ಕೈಯಲ್ಲಿ ಸೌಟಿತ್ತು. ತಾಯಿಯ ಕಡೆ ನೋಡಿದರು. ಅವರು ನಗುತ್ತಿದ್ದರು. ತನ್ನ ಅಂಗಳಕ್ಕೆ ಬಂದು ಕೂತ ಅತಿಥಿಗಳನ್ನು ಎಬ್ಬಿಸಿ ಕಳಿಸಿದ ಮಗನೊಬ್ಬ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಎಲೆ ಹಾಕಿ” ಎಂದರು ವಾಸಪ್ಪ. ಹಲ್ಲು ನೋವಿನವನು ಡಾಕ್ಟರಿಗೆ ಹೇಳುವ ದನಿಯಲ್ಲಿ.

ಹೋಳಿಗೆಯನ್ನು ಅವರೇ ಬಡಿಸಲು ಹೊರಟರು. ಮೊದಲ ಎಲೆಗೆ ಅರ್ಧ ಮುರಿದು ಹಾಕಿದರು. “ವಾಸೂ” ಎಂದಿತು ಕುರ್ಚಿ. ಎರಡನೆಯ ಎಲೆಯಿಂದ ಇಡಿಯಾಗಿ ಬಿತ್ತು.

ಪಂಕ್ತಿ ಏಳುತ್ತಿದ್ದಂತೆ ವಾಸಪ್ಪ ಮೇಷ್ಟ್ರ ರಟ್ಟೆ ಹಿಡಿದು ಜಗಲಿಯ ಮೂಲೆಗೆ ಕರೆತಂದರು.

“ಇದು ಯಾರ ಕೆಲಸ?”

“ನನ್ನದೇ” ಎಂದರು ಮೇಷ್ಟ್ರು. ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. “ಓದಿದ್ದನ್ನು ಅರ್ಥ ಮಾಡಿಕೊಳ್ಳೋ ಪಾಠ.”

“ನನಗೆ ಪೂರ್ತಿ ಅರ್ಥ ಆಯ್ತು. ಎಲ್ಲಿ ಆ ಕಾಗದ?”

“ಯಾವ ಕಾಗದ?”

“ವರ್ಗದ್ದು ಮಾರಾಯ್ರೆ! ಈಗಲೇ ಸಹಿ ಹಾಕ್ತೀನಿ. ಬೇಗಾರಿಗಲ್ಲ, ಬೇಕಾದ್ರೆ ಬೀದರಿಗೂ ಹಾಕ್ತೀನಿ. ಮುಂದಿನ ವಾರ ನೀವು ಮದುವೆ ಕಾಗದ ಕಲಿಸೋಕೆ ಶುರು ಮಾಡೋದ್ರೊಳಗೆ ಈ ಊರು ಬಿಡಿ!”

ಮೇಷ್ಟ್ರಿಗೆ ಕಿವಿ ನಂಬಲಾಗಲಿಲ್ಲ. ಬೆಳಗಿನಿಂದ ಯಾವುದು ತಪ್ಪಿಹೋಗುತ್ತದೆಂದು ಊರು ಸುತ್ತಿದ್ದರೋ ಅದು ತಾನಾಗಿ ಕಾಲಿಗೆ ಬಂದು ತೊಡರಿತ್ತು. ಜೇಬಿನಿಂದ ಅರ್ಜಿ ತೆಗೆದು, ಬೆವರಿನಿಂದ ಮೆತ್ತಗಾಗಿದ್ದನ್ನು ಜಗಲಿಕಟ್ಟೆಯ ಮೇಲೆ ಬಿಡಿಸಿದರು. ಭಾನುವಾರದ ಅಪ್ಪ ಸೋಮವಾರವೂ ಮಂಗಳವಾರವೂ ಅಪ್ಪನಾಗುವುದು ಅವರ ಕಣ್ಣಿಗೆ ಕಟ್ಟಿತು. ವಾಸಪ್ಪ ಪೆನ್ನಿನ ಮುಚ್ಚಳ ತೆಗೆದು ಮೊದಲ ಅಕ್ಷರಕ್ಕೆ ಕೈ ಊರಿದರು.

“ವಾಸೂ, ಪೆನ್ನು ಮುಚ್ಚು.”

ಶೇಷಮ್ಮನ ಕುರ್ಚಿ ಇದ್ದದ್ದು ಅಲ್ಲಿಂದ ಎರಡು ಮಾರು ದೂರದಲ್ಲಿ.

“ಮಾಷ್ಟ್ರೇ, ಇಲ್ಲಿ ಬನ್ನಿ. ಈ ದೀಪು ಹೋದ ವಾರದವರೆಗೆ ನಂಗೆ ಪೇಪರು ಓದ್ತಿದ್ದ. ಎಂತ ಓದ್ದೆ ಅಂದ್ರೆ ಪೇಪರು ಅಂತಿದ್ದ. ನಿನ್ನೆ ಹೇಳಿಕೆ ಓದಿ, ಅಜ್ಜಿ, ಇದು ನಿಜ ಅಲ್ಲ, ಆದ್ರೆ ನಾವು ನಿಜ ಮಾಡಬಹುದಲ್ದಾ ಅಂದ. ಅಂದ್ಮೇಲೆ ಉಪಾಯ ನನ್ನ ಸೊಸೇದೂ ಅಲ್ಲ, ಶಾಂತಕ್ಕಂದೂ ಅಲ್ಲ. ಹಂಗೆ ಓದೋದು ಕಲಿಸಿದ ಮಾಷ್ಟ್ರನ್ನ ಈ ಊರು ಬಿಟ್ಟುಕೊಡ್ತದಾ?”

“ಅಮ್ಮ, ನನ್ನ ಮಗಳು…”

“ಇನ್ನೊಂದು. ಗಿಡ್ಡಯ್ಯನ ಬಿದಿರು ಚಪ್ಪರಕ್ಕೆ ಬಂದದ್ದಲ್ಲ ಅಂತ ನಂಗೆ ಗೊತ್ತಿಲ್ವಾ? ಚಪ್ಪರಕ್ಕೆ ಮಡಕೆ ಎಂತಕ್ಕೆ? ಅವನನ್ನ ಕೇಳಿದೆ, ಎಲ್ಲ ಹೇಳಿದ. ನಾನು ಹೋದೆ ಅಂತ ಊರಿಗೆ ಸುದ್ದಿ ಕೊಟ್ಟವ್ರು ನೀವು.”

“ನಾನು ಹೇಳಿದ್ದು ಹೇಳಿಕೆ ವಾಪಸ್ ಅಂತ ಅಷ್ಟೇ” ಎಂದರು ಮೇಷ್ಟ್ರು.

“ಬೇಜಾರಿಲ್ಲ. ಸುದ್ದಿ ಕೊಟ್ಟವ್ರೇ ಅದನ್ನ ನಿಜ ಮಾಡಿ ಹೋಗ್ಬೇಕು. ನಾನು ಸರಿಯಾಗಿ ಹೋಗೋ ದಿನ ಮನೆಮನೆಗೆ ಹೇಳೋಕೆ ನೀವೇ ಇರ್ಬೇಕು. ಅಲ್ಲಿವರೆಗೆ ಸಹಿ ಇಲ್ಲ. ಕೇಳಿಸ್ತಾ ವಾಸು?”

“ಕೇಳಿಸ್ತು ಅವ್ವ” ಎಂದು ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು.

“ದೇವಕಿ ಟೀಚರಿಗೂ ಕೂಸಿಗೂ ಶನಿವಾರ ಇಲ್ಲಿಗೇ ಬರೋಕೆ ಹೇಳಿ. ಹೋಳಿಗೆ ಮಿಕ್ಕಿದೆ” ಎಂದು ಶೇಷಮ್ಮ ಶಾಲು ಸರಿಮಾಡಿಕೊಂಡರು. ಮೇಷ್ಟ್ರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಅಂಗಳದ ಆಚೆ ಎಂಜಲೆಲೆ ಎತ್ತುತ್ತಿದ್ದ ಗಿಡ್ಡಯ್ಯನ ಕಡೆ ಬಹಳ ಹೊತ್ತು ನೋಡುತ್ತಾ ನಿಂತರು.

ಶೇಷಮ್ಮ ತೀರಿಕೊಂಡದ್ದು ೨೦೧೫ರ ಜನವರಿಯಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ. ಸುದ್ದಿಯನ್ನು ಮನೆಮನೆಗೆ ಹೋಗಿ ಹೇಳಿದವರು ಸೀತಾರಾಮ ಮೇಷ್ಟ್ರು.